ಮುಚ್ಚಳದ ಸದ್ದಿನಡಿಯ ಸಾಲು

ಇದು ನಮ್ಮ ಬೀದಿಯ ಟೈಲರ್‌ಗೆ ಆದದ್ದು. ಬಟ್ಟೆ ಯಾವತ್ತು ಕೊಡುತ್ತೇನೆ ಅನ್ನುವುದೊಂದನ್ನು ಬಿಟ್ಟರೆ ಆತ ಸುಳ್ಳು ಹೇಳಿದ್ದು ಯಾರೂ ಕಂಡಿಲ್ಲ.

ಅವತ್ತು ಕೆಲಸ ಮುಗಿಸಿ ಅಂಗಡಿ ಬಾಗಿಲು ಎಳೆಯುವಾಗ ಊರು ಮಲಗಿತ್ತು. ಬೇಗ ಮನೆ ಸೇರೋಣವೆಂದು ಹಾಸ್ಟೆಲಿನ ಹಿಂದೆ, ಹಾಳುಬಾವಿಯ ಪಕ್ಕದ ದಾರಿ ಹಿಡಿದ. ಅಲ್ಲೇ ಹಳೆಯ ಅಡುಗೆಮನೆ. ಅವನ ಭಾವ, ಅಕ್ಕನ ಗಂಡ, ಅಲ್ಲಿ ಅಡುಗೆ ಮಾಡುತ್ತಿದ್ದವನು. ಅವನು ಸತ್ತ ಮೇಲೆ ಅದಕ್ಕೆ ಬೀಗ ಬಿದ್ದಿತ್ತು.

ಬಾವಿ ದಾಟಿದ... ಕಿವಿ ನಿಮಿರಿತು.

ಕೊತ ಕೊತ ಕೊತ. ಅದರ ಮೇಲೆ ಮುಚ್ಚಳ ಅಲುಗುವ ಟಿಣಿಟಿಣಿ. ಅದರ ಮೇಲೆ, ಒಂಚೂರು ಮೂಗಿನಲ್ಲಿ, ಗಂಡು ದನಿ.

'ಬೆಂಕಿಯೇ, ಮೆಲ್ಲಗೆ ಉರಿ... ನೀರೇ, ಮೆಲ್ಲಗೆ ಕುದಿ...'

ಟೈಲರ್‌ನ ಕಾಲುಗಳು ನೆಲಕ್ಕೆ ಹೊಲಿದಂತೆ ನಿಂತವು.

ಅದು ಭಾವ ತಾನೇ ಕಟ್ಟಿದ ಹಾಡು. ಅವನಿಗೆ ಗಡಿಯಾರ ಬೇಕಿರಲಿಲ್ಲ. ಪಾತ್ರೆ ಒಲೆಗಿಟ್ಟೊಡನೆ ಹಾಡು ಶುರು. ಕೊನೆಯ ಸಾಲಿಗೆ ಮುಚ್ಚಳ ಎತ್ತಿದರೆ ಅನ್ನ ಹದವಾಗಿ ಬೆಂದಿರುತ್ತಿತ್ತು. ವಾರ್ಡನ್ನೇ ಬಂದು ಕರೆದರೂ ಸೌಟು ಆಡಿಸಿ ತಡೆಯುತ್ತಿದ್ದನೇ ಹೊರತು ಹಾಡು ಬಿಡುತ್ತಿರಲಿಲ್ಲ. ಹಾಡು ಮುಗಿಯದೆ ಪಾತ್ರೆ ಇಳಿಸಿದವನೂ ಅಲ್ಲ. ಒಂದು ಬೆಳಿಗ್ಗೆ ಹಾಡು ನಡುವೆಯೇ ನಿಂತಿತು. ಓಡಿಬಂದವರು ಕಂಡದ್ದು ಸೀದ ಅನ್ನ, ಒಲೆಯ ಮುಂದೆ ಕುಸಿದ ಭಾವ.

ಈಗ ಆ ಅಡುಗೆಮನೆಯ ಮೆಟ್ಟಿಲ ಮೇಲೆ ಯಾರೋ ಕೂತಿದ್ದರು. ಸೆರಗು ಹೊದ್ದುಕೊಂಡು... ಅವನ ಅಕ್ಕ! ಗಂಡ ಹೋದಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಹಗಲಲ್ಲಿ ಕೂತಲ್ಲೇ ತೂಕಡಿಸುತ್ತಾಳೆ, ತುತ್ತು ಇಳಿಯುವುದಿಲ್ಲ, ಯಾಕೆಂದು ಮನೆಯವರಿಗೆ ತಿಳಿಯದು. ಟೈಲರ್‌ಗೆ ಈಗ ತಿಳಿಯಿತು.

"ಅಕ್ಕಾ... ಒಳಗೆ ಯಾರು?"

"ಯಾರು ಅಂತ ಕೇಳ್ತೀಯಲ್ಲೋ, ಪೆದ್ದ. ಅವರ ಅನ್ನ ತಿಂದೇ ಹೊಟ್ಟೆ ಬೆಳೆಸಿದವನು ನೀನು."

"ಮನೆಗೆ ಹೋಗೋಣ, ಏಳು."

"ಶ್... ಕೇಳು. ಈಗ ನಿಲ್ಲುತ್ತೆ."

ನಿಂತಿತು. ಕೊನೆಯ ಸಾಲಿಗೆ ಮೊದಲು, ದನಿ ಕತ್ತರಿಸಿದಂತೆ. ಕೊತಕೊತವೂ ಇಲ್ಲ.

"ದಿನಾ ಇಲ್ಲೇ ನಿಲ್ಲುತ್ತೆ," ಅಕ್ಕ ಪಿಸುಗುಟ್ಟಿದಳು. "ಮರೆತುಬಿಟ್ಟಿದ್ದಾರೆ ಕಣೋ. ಅದು ಮುಗಿದ್ರೆ ಇಳಿಸಿ ಹೋಗ್ತಾರೆ. ನಿಂಗೆ ನೆನಪಿದೆಯಾ, ಕೊನೇ ಸಾಲು?"

ಟೈಲರ್ ತಲೆ ಕೆದಕಿದ. ಎಷ್ಟು ಸಲ ಕೇಳಿಲ್ಲ! ಆದರೆ ಕೊನೆಯ ಸಾಲಿಗೆ ಸರಿಯಾಗಿ ಮುಚ್ಚಳ ನೆಲಕ್ಕೆ ಢಣ್ ಎನ್ನುತ್ತಿತ್ತು, ಹಬೆ ಭುಸ್ಸೆನ್ನುತ್ತಿತ್ತು. ಆ ಸದ್ದಿನಲ್ಲಿ ಭಾವನ ತುಟಿ ಆಡಿದ್ದು ಕಂಡಿತ್ತು, ಅಷ್ಟೇ.

"ನೀನು ಪಕ್ಕದಲ್ಲೇ ತರಕಾರಿ ಹೆಚ್ತಿದ್ದೆಯಲ್ಲ..."

"ನಂಗೂ ಕೇಳಿಸಿಲ್ಲ. ಒಂದು ದಿನ ಅವರನ್ನೇ ಕೇಳೋಣ ಅಂದುಕೊಂಡೇ ಇದ್ದೆ."

ಅಕ್ಕ ಅಳಲಿಲ್ಲ. ಅದನ್ನು ನೋಡಲಾಗದೆ ಟೈಲರ್ ಒಂದು ಕೆಲಸ ಮಾಡಿದ. ತುಂಡು ಬಟ್ಟೆ ಸಾಲದಿದ್ದರೆ ಹೊಂದುವ ಬಣ್ಣದ್ದೊಂದು ತೇಪೆ ಹಾಕಿ ಮುಗಿಸುವುದು ಅವನ ರೂಢಿ. ಕಿಟಕಿಗೆ ಬಾಯಿಟ್ಟು, ರಾಗ ಹೊಂದಿಸಿ, ಬಾಯಿಗೆ ಬಂದದ್ದು ಹಾಡಿದ.

'ಹಸಿದವರು ಬಂದರು... ಇನ್ನು ಸಾಕು, ಇಳಿ...'

ಒಳಗೆ ಸದ್ದಿಲ್ಲ. ಮುಚ್ಚಳ ಒಮ್ಮೆ ಟಿಣ್ ಎಂದಿತು.

ಆಮೇಲೆ...

'ಬೆಂಕಿಯೇ, ಮೆಲ್ಲಗೆ ಉರಿ...'

ಮತ್ತೆ ಮೊದಲಿನಿಂದ. ಆ ಜಾಗಕ್ಕೆ ಬಂದು ತಡವರಿಸಿ, ಮತ್ತೆ ಮೊದಲಿನಿಂದ. ಅವಸರವಾಗಿ. ದನಿ ಒಡೆಯತೊಡಗಿತು.

"ಏನು ಮಾಡಿಬಿಟ್ಟೆಯೋ..." ಅಕ್ಕ ಅವನ ಮುಂಗೈ ಹಿಡಿದಳು. "ದಿನಕ್ಕೆ ಒಂದು ಸಲ ಹಾಡಿ ಸುಮ್ಮನಾಗ್ತಿದ್ದರು. ಅದಲ್ಲ ಅಂತ ಅವರಿಗೆ ಗೊತ್ತಾಯ್ತು. ಈಗ ಹುಡುಕ್ತಿದ್ದಾರೆ."

ಬೆಳಗಾಗುವವರೆಗೂ ಭಾವ ಹುಡುಕಿದ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕೇಳಿದರು. ಬೇರೇನು ಮಾಡಲಿಕ್ಕಾಗುತ್ತದೆ?

ಬೆಳಕು ಹರಿದ ಮೇಲೆ ಕಾವಲುಗಾರನಿಂದ ಕೀಲಿ ತಂದು ಬಾಗಿಲು ತೆಗೆದರು. ಒಲೆ ತಣ್ಣಗಿತ್ತು, ಬಾಯಿ ತುಂಬ ಜೇಡರ ಬಲೆ. ಅದರ ಮೇಲೆ ಮುಚ್ಚಿದ ಪಾತ್ರೆ. ಟೈಲರ್ ಮುಚ್ಚಳಕ್ಕೆ ಕೈ ಹಾಕಿದವನು ಕೂಗಿ ಕೈಬಿಟ್ಟ.

ಢಣ್!

ಪಾತ್ರೆ ಖಾಲಿ. ಮುಚ್ಚಳದ ಒಳಮೈಯಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು.

ಅಕ್ಕ ಈಗಲೂ ರಾತ್ರಿ ಅಲ್ಲಿಗೇ ಹೋಗುತ್ತಾಳೆ, ಮನೆಯವರು ತಡೆಯುವುದನ್ನು ಬಿಟ್ಟಿದ್ದಾರೆ. ಕಟ್ಟುಕತೆ ಅನ್ನುವವರು ಅನ್ನಲಿ. ನಾನು ಕಳೆದ ವಾರ ಅಂಗಿಯ ಅಳತೆ ಕೊಟ್ಟು ಬಂದೆ. ಟೈಲರ್‌ನ ಬಲಗೈಯ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು ಆರಿದ ಚರ್ಮ. ಟೇಪು ಎಡಗೈಯಲ್ಲಿ ಹಿಡಿಯುತ್ತಾನೆ.