ಕಾಯುವುದು ಕಲಿಕೆಯ ಗುರಿಯಲ್ಲ

ಮಾನ್ಯ ಅಧ್ಯಕ್ಷರಾದ ಪ್ರಾಂಶುಪಾಲ ಅನಾಬುಕಿಯವರೇ, ಕಚೇರಿಯ ಬಂಧುಗಳೇ, ಮುಂದಿನ ಸಾಲಿನಲ್ಲಿ ಪೆನ್ನು ಬಿಚ್ಚಿಕೊಂಡು ಕುಳಿತಿರುವ ಹೊಸ ಅಧ್ಯಾಪಕರೇ, ಹಿಂದಿನ ಸಾಲಿನಲ್ಲಿ ಆಗಲೇ ಕಣ್ಣು ಮುಚ್ಚಿರುವ ಹಳೆಯ ಅಧ್ಯಾಪಕರೇ, ಸಭಿಕರೇ,

ಮಾರ್ಚಿಗೆ ನಾನು ನಿವೃತ್ತ. ಹೋಗುವ ಮುಂಚೆ ‘ಪರಿಣಾಮಕಾರಿ ಪಠ್ಯಕ್ರಮ ಬರೆಯುವುದು ಹೇಗೆ’ ಎಂದು ಅರ್ಧ ಗಂಟೆ ಮಾತಾಡಿ ಹೋಗಿ ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದ್ದಾರೆ. ಹನ್ನೊಂದು ವರ್ಷ ಈ ಮಹಿಳಾ ಕಾಲೇಜಿನ ಪ್ರತಿಯೊಂದು ಪಠ್ಯಕ್ರಮವನ್ನೂ ಪರಿಶೀಲಿಸಿ ಮುದ್ರೆ ಒತ್ತಿದವನು ನಾನು. ನಿಮ್ಮಲ್ಲಿ ಅನೇಕರು ನನ್ನ ಕೆಂಪು ಶಾಯಿಯನ್ನು ಶಪಿಸಿದ್ದೀರಿ. ಗೊತ್ತು ಬಿಡಿ.

ಎಷ್ಟು ಸಲ ಹೇಳಬೇಕು ಸ್ವಾಮಿ? ಹದಿನೈದು ವಾರ ಎಂದರೆ ಹದಿನೈದು ವಾರ. ‘ಮೂರರಿಂದ ಹದಿನಾಲ್ಕು: ಮುಂದುವರಿಕೆ’ ಎಂದು ಬರೆಯುತ್ತೀರಲ್ಲ, ಏನು ಮುಂದುವರಿಕೆ? ಯಾರ ಮುಂದುವರಿಕೆ? ಪ್ರತಿ ವಾಕ್ಯವೂ ‘ವಿದ್ಯಾರ್ಥಿನಿಯು ಮಾಡಬಲ್ಲಳು’ ಎಂದು ಮುಗಿಯಬೇಕು. ತರಗತಿಗೆ ಮುಂಚೆ ಎರಡು ಗಂಟೆ ಓದು, ಆಮೇಲೆ ಎರಡು ಗಂಟೆ ಮನನ. ಕಾಗದದ ಮೇಲಾದರೂ ಇರಲಿ! ನನ್ನ ಹೆಂಡತಿ ಅನ್ನುತ್ತಾಳೆ, “ಒಂದು ಮಿಸೋ ಸಾರು ಮಾಡೋಕೂ ನಿಮಗೆ ಹದಿನೈದು ವಾರ ಬೇಕೇನ್ರೀ? ಮೊದಲನೇ ವಾರ ಒಲೆ ಪರಿಚಯನಾ?” ನಗಿ, ನಗಿ. ಮನೆಯಲ್ಲೂ ನನ್ನ ಗತಿ ಇಷ್ಟೇ.

ಉದಾಹರಣೆ ಕೊಡಿ ಎಂದು ಹೊಸಬರು ಕೇಳುತ್ತಾರೆ. ನಿಮಗೆ ಕೊಟ್ಟಿರುವ ಕೈಪಿಡಿಯ ಒಂಬತ್ತನೇ ಪುಟ ತೆಗೆಯಿರಿ. ‘ಮಾದರಿ ಪಠ್ಯಕ್ರಮ: ನೀಲಿ ಬಣ್ಣಗಾರಿಕೆ’. ಕಮಾದಾ ಹಿಸಾಯೊ ಎಂಬ ಅರೆಕಾಲಿಕ ಅಧ್ಯಾಪಕಿಯದು. ಆಕೆ ಈ ನದಿ ದಡದ ಬಣ್ಣಗಾರರ ಮನೆತನದವರು. ಇಪ್ಪತ್ತೆರಡು ವರ್ಷ ಇಲ್ಲಿ ಪಾಠ ಮಾಡಿದರು. ಅಷ್ಟೂ ವರ್ಷ ಅವರ ಪಠ್ಯಕ್ರಮ ಏನಿತ್ತು ಗೊತ್ತೇ? ‘ಮೊದಲ ವಾರ ಹಂಡೆಗೆ ನೀಲಿ ಎಲೆ, ಬೂದಿನೀರು ಹಾಕುವುದು. ಆಮೇಲೆ, ಹಂಡೆ ಹುದುಗಿ ಎದ್ದರೆ ಬಟ್ಟೆ ಅದ್ದುವುದು. ಏಳದಿದ್ದರೆ ಕಾಯುವುದು. ಬೇಸಿಗೆ ರಜೆಯವರೆಗೂ ಉಗುರು ನೀಲಿಯಾಗಿರುತ್ತದೆ. ಬೇಜಾರಿಲ್ಲದವರು ಬನ್ನಿ.’ ಇಷ್ಟೇ! ಇದಕ್ಕೆ ಪ್ರತಿ ವರ್ಷ ಮೂವತ್ತು, ಮೂವತ್ತೈದು ಹುಡುಗಿಯರು ಮುಗಿಬೀಳುತ್ತಿದ್ದರು. ನನ್ನ ‘ಮಧ್ಯಯುಗದ ಕಂದಾಯ ದಾಖಲೆಗಳು’ ತರಗತಿಗೆ ಏಳು ಜನ. ಅವರಲ್ಲಿ ನಾಲ್ವರು ನಿದ್ದೆಗೆ. ಹೊಟ್ಟೆಕಿಚ್ಚೇ? ಛೆ ಛೆ, ನಿಯಮ ನಿಯಮವೇ ಅಲ್ಲವೇ?

ಕೆಲವು ವರ್ಷ ಹಲ್ಲು ಕಚ್ಚಿ ಮುದ್ರೆ ಒತ್ತಿದೆ. ಕೊನೆಯ ವರ್ಷ ಆರು ಸಲ ವಾಪಸ್ ಕಳಿಸಿದೆ. ‘ಕಾಯುವುದು ಕಲಿಕೆಯ ಗುರಿಯಲ್ಲ’ ಎಂದು ಕೆಂಪಿನಲ್ಲಿ ಬರೆದೆ. ಪ್ರತಿ ಸಲವೂ ಆಕೆ ನನ್ನ ಕೋಣೆಗೆ ಬಂದು, ತಪ್ಪಾಯಿತು ಎಂದು ಬಗ್ಗಿ ನಮಸ್ಕರಿಸಿ, ಕಾಗದ ತೆಗೆದುಕೊಂಡು ಹೋಗುತ್ತಿದ್ದರು. ಒಮ್ಮೆ ಮಾತ್ರ ಬಾಗಿಲ ಹತ್ತಿರ ನಿಂತರು.

“ಮೇಷ್ಟ್ರೇ, ನಾಲ್ಕನೇ ವಾರ ಅದ್ದೋದು ಅಂತ ಬರೆದುಬಿಟ್ಟೆ. ಚಳಿ ಜಾಸ್ತಿಯಾಗಿ ಹಂಡೆ ಏಳದೇ ಹೋದ್ರೆ?”

“ಏಳುತ್ತೆ ಅಂತ ಬರೀರಮ್ಮ.”

“ಸುಳ್ಳಾಗಲ್ವಾ?”

“ಅಯ್ಯೋ ರಾಮ, ಇದೇನು ಕೋರ್ಟಾ? ಬರೀರಿ ಅಂದ್ರೆ ಬರೀರಿ!”

ಕೊನೆಗೆ ಬೇಸತ್ತು, ಒಂದು ಭಾನುವಾರ ಕುಳಿತು ನಾನೇ ಬರೆದುಕೊಟ್ಟೆ. ಹಂಡೆಯ ವಾಸನೆ ಹೇಗಿರುತ್ತದೆಂದು ಸಹ ತಿಳಿಯದ ನಾನು! ‘ಆರನೇ ವಾರ: ವಿದ್ಯಾರ್ಥಿನಿಯು ಹುದುಗುವಿಕೆಯ ಸೂಚಕಗಳನ್ನು ವಿಶ್ಲೇಷಿಸಬಲ್ಲಳು.’ ಏನು ಅಂದ, ಏನು ಚೆಂದ! ಎಲ್ಲರೂ ಮೆಚ್ಚಿದರು. ಅದೇ ಆ ಒಂಬತ್ತನೇ ಪುಟ. ಏಪ್ರಿಲ್ ಬಂತು. ಹುಡುಗಿಯರು ಓದಿದರು. ನಾಲ್ಕು ಜನ ಹೆಸರು ಕೊಟ್ಟರು. ಐದಕ್ಕಿಂತ ಕಡಿಮೆಯಾದರೆ ತರಗತಿ ಮುಚ್ಚಬೇಕು, ಆ ನಿಯಮವೂ ನಿಮಗೆ ಗೊತ್ತು. ಮುಚ್ಚಿದರು. ಹಂಡೆಯನ್ನು ಚರಂಡಿಗೆ ಬಗ್ಗಿಸಿ, ಆ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿದರು.

ಬೀಗದ ಕೈ ಒಪ್ಪಿಸಲು ಬಂದ ದಿನ ಕಮಾದಾ ಮೇಡಂ ನನ್ನ ಕೋಣೆಗೂ ಬಂದರು. ಬೈಯಲು ಬಂದರು ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. “ಇಷ್ಟು ವರ್ಷ ತಪ್ಪು ತಪ್ಪಾಗಿ ಬರೀತಿದ್ದೆ. ನಿಮ್ಮಿಂದ ಸರಿಯಾಗಿ ಬರೆಯೋದು ಕಲಿತೆ. ದೊಡ್ಡ ಉಪಕಾರ ಆಯ್ತು,” ಎಂದು ಸೊಂಟದವರೆಗೆ ಬಗ್ಗಿದರು. ನಾನೇನಂದೆ? “ಪರವಾಗಿಲ್ಲ, ಪರವಾಗಿಲ್ಲ” ಎಂದೆ. ಕೇಳಿದಿರಾ? ಪರವಾಗಿಲ್ಲವಂತೆ! ಮೂರು ವರ್ಷದಿಂದ ಆ ಮಾತು ನೆನೆದು ನನಗೇ ನಾಚಿಕೆಯಾಗುತ್ತಿದೆ.

ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರೇ, ಗಡಿಯಾರ ನೋಡಬೇಡಿ. ಬರುವ ಏಪ್ರಿಲ್‌ಗೆ ಆ ತರಗತಿಯನ್ನು ಮತ್ತೆ ತೆರೆಯಲು ನೀವು ಒಪ್ಪಿದ್ದೀರಿ, ಕುರ್ಚಿಗಳನ್ನು ತೆಗೆಸುವುದಕ್ಕೂ ಒಪ್ಪಿದ್ದೀರಿ. ಆಕೆಯ ಹಳೆಯ ಪಠ್ಯಕ್ರಮಕ್ಕೆ, ಒಂದಕ್ಷರ ಮುಟ್ಟದೆ, ನನ್ನ ಮುದ್ರೆ ಒತ್ತಿದ್ದೇನೆ. ಅದರ ಕೆಳಗೆ ಸಹಿಯ ಜಾಗದಲ್ಲಿ ಆಕೆಯ ಮುದ್ರೆಯೂ ಬಿದ್ದರೆ ಆಯಿತು. ನಾಳೆ ಸಂಜೆ ಐದಕ್ಕೆ ಗಡುವು. ನಿನ್ನೆ ಫೋನು ಮಾಡಿದೆ.

“ಬರ್ತೀನಿ ಮೇಷ್ಟ್ರೇ, ಖಂಡಿತ ಬರ್ತೀನಿ,” ಎಂದರು. ದನಿಯಲ್ಲಿ ಎಂಥ ಸಂತೋಷ! “ಆದ್ರೆ ಹಳೇದು ಬೇಡ. ಅದು ತಪ್ಪಲ್ವಾ? ಒಂಬತ್ತನೇ ಪುಟದ್ದೇ ಇರಲಿ. ಅದಕ್ಕೇ ಮುದ್ರೆ ಹಾಕ್ತೀನಿ.”

“ತಪ್ಪು ನಂದು ಕಣಮ್ಮ” ಎಂದೆ. “ಹಾಗೆಲ್ಲ ಅನ್ನಬೇಡಿ” ಎಂದರು. ಮತ್ತೆ ಹೇಳಿದೆ. “ಆಗಲಿ, ಬರ್ಕೊಳ್ತೀನಿ, ಇನ್ನೇನು ತಿದ್ದಬೇಕು ಹೇಳಿ” ಎಂದರು. ಪೆನ್ಸಿಲ್ ಹುಡುಕುವ ಸದ್ದು ನನಗೆ ಕೇಳಿಸಿತು. ನಾನು ಫೋನು ಇಟ್ಟುಬಿಟ್ಟೆ. ಹುಡುಗಿಯರ ಕೈಗೆ ಆ ಒಂಬತ್ತನೇ ಪುಟವೇ ಹೋದರೆ ಮತ್ತೆ ನಾಲ್ಕೇ ಜನ. ಈ ಸಲ ಮುಚ್ಚಿದರೆ ಎಪ್ಪತ್ತೊಂದರ ಆಕೆ ಇನ್ನೊಮ್ಮೆ ಬರುವುದಿಲ್ಲ.

ಮುಂದಿನ ಸಾಲಿನವರೇ, ಪೆನ್ನು ಮುಚ್ಚಿ. ನಿಮ್ಮಲ್ಲಿ ಯಾರಾದರೂ ಒಬ್ಬರು, ನನ್ನ ಕೈಯಿಂದ ಇನ್ನೂ ಏನನ್ನೂ ತಿದ್ದಿಸಿಕೊಳ್ಳದವರು, ಇವತ್ತೇ ಆಕೆಯ ಮನೆಗೆ ಹೋಗಿ, ಅವರು ಬರೆದದ್ದು ಸರಿಯಾಗಿಯೇ ಇತ್ತು ಎಂದು ಹೇಳಿಬನ್ನಿ. ನಾನು ಹೇಳಿದರೆ ಅದನ್ನೂ ತಿದ್ದುಪಡಿ ಎಂದೇ ಬರೆದುಕೊಳ್ಳುತ್ತಾರೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆ ಕೃತಜ್ಞ. ನಮಸ್ಕಾರ.