ಟವಲಿನ ಕೆಳಗೆ ಲಗ್ನ

ಎಂಬತ್ತೆರಡರ ಬೇಸಿಗೆ. ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ದನದ ದಳ್ಳಾಳಿ ದೊಡ್ಡಮುನಿಯಪ್ಪನೂ ಹೊಲಿಗೆ ಮಿಷಿನ್ ಮಾರುವ ಅವನ ಸೋದರಳಿಯನೂ ನನ್ನ ಪಕ್ಕದಲ್ಲೇ ಕೂತಿದ್ದರು.

"ಮಾವ, ಮಾರೋ ಕೆಲಸ ಬಿಟ್ಬಿಟ್ಟೆ. ಬೆಂಗಳೂರಲ್ಲಿ ಎಂಬಿಎ ಸೀಟು ಸಿಕ್ತು!"

"ಶಭಾಷ್ ಕಣೋ! ಎಷ್ಟು ವರ್ಷದ ಓದು?"

"ಎರಡು. ಅನಸೂಯ ಕಾಯ್ತೀನಿ ಅಂದವ್ಳೆ."

"ನನ್ನ ಮಗಳು ಕಾಯ್ತಾಳೆ, ನಾನು ಕಾಯ್ಬೇಕಲ್ಲ! ಲಗ್ನ ಯಾವಾಗ?"

"ಮೆಲ್ಲಗೆ ಮಾವ, ಜನ ಕೇಳಿಸ್ಕೊತವ್ರೆ."

"ಹಂಗಾದ್ರೆ ಕೈ ಇತ್ತ ತಾ."

ಸಂತೆಯಲ್ಲಿ ಎತ್ತಿನ ಬೆಲೆ ಕುದುರಿಸುವವನಂತೆ ದೊಡ್ಡಮುನಿಯಪ್ಪ ಇಬ್ಬರ ಕೈ ಮೇಲೂ ಟವಲು ಹೊದಿಸಿ, ಲೆಕ್ಕ ಗುಟ್ಟಾಗಿ ತಿಳಿಸಲು ಅಳಿಯನ ಬೆರಳು ಹಿಡಿದ.

"ಇಷ್ಟು ವರ್ಷ."

"ಊಹೂಂ ಮಾವ, ಇಷ್ಟು."

"ಒಂದು ಬೆರಳು ಬಿಡೋ!"

"ಬಿಡಲ್ಲ."

ದೊಡ್ಡಮುನಿಯಪ್ಪ ಗಹಗಹಿಸಿ ನಕ್ಕ.

"ಸರಿ, ಎರಡೇ ಇರಲಿ. ಓದ್ಕೊಂಡೇ ಬಾ."

ಕೋಲಾರದ ಬಸ್ಸು ಬಂತು. ಟವಲು ಹೆಗಲಿಗೇರಿಸಿ ಹತ್ತುತ್ತಾ ಅವನು ತಿರುಗಿದ.

"ಲೇ, ದಳ್ಳಾಳೀನೇ ಬಗ್ಗಿಸ್ಬಿಟ್ಟು, ಮಾರೋದು ಬಿಟ್ಟೆ ಅಂದ್ಯಲ್ಲೋ!"