ಉಸಾಮಿಯವರ ಬಾಡಿಗೆ ಕೋಣೆಯ ಹೊಸ್ತಿಲಲ್ಲಿ ಉಪ್ಪು ಇಟ್ಟ ವಿಚಾರ

ಹೆಸರು: ನುಕಾಗಾ ತೊಮೆಕಿಚಿ. ವಯಸ್ಸು: 69. ಕಸುಬು: ಸಣ್ಣ ಟ್ರಕ್ಕಿನಲ್ಲಿ ಸುಟ್ಟ ಗೆಣಸು ಮಾರುವುದು, ಜಪಾನಿನ ಜನಕ್ಕೆ ಗೆಣಸು ಸುಟ್ಟು ತಿನ್ನಲು ಕಲಿಸಿದವನು ನಾನೇ. ವಾಸ: ಕವಾಗೊಯೆ ಊರಿನ ನದಿ ದಡ, ಅದೇ ಟ್ರಕ್ಕು.

ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ಬರೆಸುವುದು ಇಷ್ಟು:

ಉಸಾಮಿ ಕಿನುಯೊ ಅವರ ವಠಾರದ ಕೊನೆಯ ಕೋಣೆಯಲ್ಲಿ ಹನ್ನೆರಡು ವರ್ಷ ಬಾಡಿಗೆಗೆ ಇದ್ದೆನು. ಬಾಡಿಗೆ ಐವತ್ತೆರಡು ಸಾವಿರ ಯೆನ್, ಒಂದು ತಿಂಗಳೂ ತಪ್ಪಿಸಿಲ್ಲ. ಅವರು ನನ್ನ ಮುಂಗಡ ಐದು ಲಕ್ಷ ನುಂಗಿದ್ದಾರೆ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ಬಾಡಿಗೆ ಹೆಚ್ಚಿಗೆ ಕೊಟ್ಟು ಕರಾರು ಮುಂದುವರಿಸುವುದು ರೂಢಿ. ಅಕ್ಟೋಬರ್ 3ರಂದು ಆ ಹಣದ ಲಕೋಟೆಯ ಜೊತೆ ನಾಲ್ಕು ಬಿಸಿ ಗೆಣಸನ್ನೂ ಒಯ್ದೆನು. ಉಸಾಮಿಯವರು ಗೆಣಸು ಮಾತ್ರ ತೆಗೆದುಕೊಂಡರು.

"ತಪ್ಪು ತಿಳೀಬೇಡಿ ನುಕಾಗಾ ಅವ್ರೇ. ಒಂಟಿ ಜೀವ ನೀವು. ಒಳಗೇ ತೀರ್ಕೊಂಡ್ರೆ ಆ ಕೋಣೆ ಬಾಡಿಗೆ ಅರ್ಧಕ್ಕೆ ಬೀಳುತ್ತೆ" ಎಂದರು. ಸಾಯುವ ಯೋಚನೆ ಸದ್ಯಕ್ಕಿಲ್ಲವೆಂದು ಹೇಳಿದೆನು. "ಯಾರಿಗಿರುತ್ತೆ ಹೇಳಿ" ಎಂದು ಬಾಗಿಲು ಹಾಕಿಕೊಂಡರು.

ಊರಿನ ಬಾಡಿಗೆ ಏಜೆಂಟರೆಲ್ಲ ನನ್ನ ವಯಸ್ಸು ಕೇಳಿ, ಚಹಾ ಕುಡಿಸಿ ಕಳುಹಿಸಿದರು. ಕರಾರು ಮುಗಿದ ಅಕ್ಟೋಬರ್ 31ರಿಂದ ಟ್ರಕ್ಕಿನಲ್ಲಿ ಮಲಗುತ್ತಿದ್ದೇನೆ. ಗೆಣಸಿನ ಒಲೆ ಆರುವವರೆಗೆ ಬೆಚ್ಚಗಿರುತ್ತದೆ. ನಾನು ಸತ್ತರೆ ಬಾಡಿಗೆ ಅರ್ಧವಾಗುವುದಾದರೆ, ಬದುಕಿದ್ದೇ ಅರ್ಧ ಮಾಡಿ ತೋರಿಸುತ್ತೇನೆಂದು ತೀರ್ಮಾನಿಸಿದೆನು.

ಅಂದಿನಿಂದ ದಿನಾ ಬೆಳಿಗ್ಗೆ ಆ ಖಾಲಿ ಕೋಣೆಯ ಹೊಸ್ತಿಲ ಎರಡೂ ಬದಿಗೆ ಉಪ್ಪಿನ ಪುಟ್ಟ ಗೋಪುರ ಮಾಡಿಟ್ಟೆನು. ದೆವ್ವವನ್ನು ತಡೆಯಲು ನಮ್ಮವರು ಇಡುವುದು ಅದನ್ನೇ. ಕೋಣೆ ನೋಡಲು ಬಂದವರು ಬೂಟು ಬಿಚ್ಚದೆ ವಾಪಸಾದರು. ಒಬ್ಬ ಹೆಂಗಸು ನನ್ನ ಟ್ರಕ್ಕಿನ ಬಳಿ ಬಂದು, ಅಲ್ಲಿ ಯಾರಾದರೂ ತೀರಿಕೊಂಡಿದ್ದರೇ ಎಂದು ಕೇಳಿದಳು. ನಾನು ಸುಳ್ಳು ಹೇಳಲಿಲ್ಲ. ಟೋಪಿ ತೆಗೆದು ತಲೆ ತಗ್ಗಿಸಿ ನಿಂತೆನು, ಅಷ್ಟೆ.

ಡಿಸೆಂಬರ್ 10ರಂದು ಏಜೆಂಟನ ಅಂಗಡಿಯ ಗಾಜಿನ ಮೇಲೆ ಆ ಕೋಣೆಗೆ ಇಪ್ಪತ್ತಾರು ಸಾವಿರ ಎಂದು ಅಂಟಿಸಿದ್ದರು. ಅಂದು ಗಿರಾಕಿಗಳಿಗೆಲ್ಲ ಒಂದೊಂದು ಗೆಣಸು ಹೆಚ್ಚಿಗೆ ಕೊಟ್ಟೆನು.

ಡಿಸೆಂಬರ್ 18ರಂದು ಕೊನೆಯ ಸಲವೆಂದು ಉಪ್ಪು ಹಿಡಿದು ಹೋದಾಗ ಬಾಗಿಲು ತೆರೆಯಿತು. ಒಳಗಿದ್ದವನು ಗಾಮೊ ಇಸಾಕು. ನನ್ನ ಬೀದಿಯಲ್ಲೇ ಗೆಣಸು ಮಾರಿ ನನ್ನ ಹೊಟ್ಟೆಯ ಮೇಲೆ ಹೊಡೆಯುವವನು, ನನಗಿಂತ ನಾಲ್ಕು ವರ್ಷ ದೊಡ್ಡವನು, ಒಂಟಿ.

"ಬಾರಯ್ಯ ತೊಮೆ! ಉಪ್ಪು ಇತ್ತ ಕೊಡು, ಮೂಲಂಗಿ ಉಪ್ಪಿನಕಾಯಿಗಾಗುತ್ತೆ" ಎಂದನು.

ಮುದುಕನಿಗೆ ಹೇಗೆ ಕೊಟ್ಟರೆಂದು ಕೇಳಿದೆನು. ಬಾಡಿಗೆ ಬೀಳುವಷ್ಟು ಬಿದ್ದಾಯಿತು, ಇನ್ನು ಒಳಗೆ ಯಾರು ಸತ್ತರೂ ನಷ್ಟವಿಲ್ಲವೆಂದು ಉಸಾಮಿಯವರೇ ಹೇಳಿದರಂತೆ. "ಮೊದ್ಲು ನೀನೇ ಕೇಳಿದ್ರೆ ನಿಂಗೇ ಸಿಗ್ತಿತ್ತಲ್ಲೋ, ಪೆದ್ದ!" ಎಂದು ನಕ್ಕನು. ಕೈಯಲ್ಲಿದ್ದ ಉಪ್ಪನ್ನೆಲ್ಲ ಅವನ ಬೂಟಿನೊಳಗೆ ಸುರಿದೆನು. ಅದನ್ನು ಕಂಡ ಉಸಾಮಿಯವರು ಪೊಲೀಸರಾದ ತಮ್ಮನ್ನು ಕರೆಸಿದರು. ಬೂಟಿನ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದರು. ಒಂದು ಕಡೆ ತಿದ್ದಿಸಿದ್ದೇನೆ, ಉಳಿದದ್ದು ನಾನು ಹೇಳಿದಂತೆಯೇ ಇದೆ. ತಿದ್ದುಪಡಿ: ಮುಂಗಡ ಐದು ಲಕ್ಷವಲ್ಲ, ಒಂದು ಲಕ್ಷ ನಾಲ್ಕು ಸಾವಿರ. ಕೋಣೆ ಬಿಟ್ಟ ದಿನವೇ ಉಸಾಮಿಯವರು ಅದನ್ನು ಪೂರ್ತಿ ಎಣಿಸಿ ಕೊಟ್ಟಿದ್ದಾರೆ. ಹಣದ ಲೆಕ್ಕದಲ್ಲಿ ನಾನು ಕಳೆದುಕೊಂಡದ್ದು ಮೂರು ಕಿಲೋ ಉಪ್ಪಿನ ಬೆಲೆ, ಎಂಟುನೂರ ನಲವತ್ತು ಯೆನ್.

ಕವಾಗೊಯೆ, ಡಿಸೆಂಬರ್ 18
ನುಕಾಗಾ ತೊಮೆಕಿಚಿ
(ಸಹಿಯ ಬದಲು ಒತ್ತುವ ಮೊಹರು ಟ್ರಕ್ಕಿನಲ್ಲಿರುವುದರಿಂದ ಹೆಬ್ಬೆಟ್ಟಿನ ಗುರುತು)